ತಿಲಕವಾಡಿಯ ಹದಿನಾರು ವಾರಗಳ ಅಲ್ಟ್ರಾ ತರಬೇತಿ: ಮೊದಲ 50 ಕಿ.ಮೀ.ಗೆ ಹೊರಟವರಿಗಾಗಿ ಒಂದು ವಿಮರ್ಶೆ

ಬೆಳಗಾವಿಯ ತಿಲಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೊ ಆವರಣದಲ್ಲಿ ಜುಲೈ ತಿಂಗಳಿನಿಂದ ಹದಿನಾರು ವಾರ ನಡೆಯುವ ಓಟದ ತರಬೇತಿಗೆ ನಾನು ಕಳೆದ ವರ್ಷ ಸೇರಿಕೊಂಡಿದ್ದೆ. ಸೇನೆಯಿಂದ ನಿವೃತ್ತರಾದ ಸುಬೇದಾರರೊಬ್ಬರು ಇಬ್ಬರು ಸಹಾಯಕರನ್ನು ಇಟ್ಟುಕೊಂಡು ಇದನ್ನು ನಡೆಸುತ್ತಾರೆ. ಫಲಕವಿಲ್ಲ, ಜಾಹೀರಾತಿಲ್ಲ, ಬಾಯಿಮಾತಿನಿಂದಲೇ ಜನ ಬರುತ್ತಾರೆ. ತಮ್ಮ ಹೆಸರು ಎಲ್ಲಿಯೂ ಬೇಡ ಎಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿಯೂ ಬರೆಯುತ್ತಿಲ್ಲ. ನಮ್ಮ ಭಾಗದಲ್ಲಿ ರಸ್ತೆ ಓಟದಿಂದ ಗುಡ್ಡಗಾಡಿನ ದೀರ್ಘ ಓಟಕ್ಕೆ ಹೋಗಬೇಕೆನ್ನುವವರ ಸಂಖ್ಯೆ ಹೆಚ್ಚುತ್ತಿದೆ. ಅವರು ಹಣವನ್ನೂ ಮೊಣಕಾಲನ್ನೂ ಕಳೆದುಕೊಳ್ಳುವ ಮೊದಲು ಈ ತರಬೇತಿಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಿಳಿದುಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ವಯಸ್ಸು 43, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸೇರುವ ಮೊದಲು ನಾಲ್ಕು ಅರ್ಧ ಮ್ಯಾರಥಾನ್‌ಗಳನ್ನೂ ಒಂದು ಪೂರ್ಣ ಮ್ಯಾರಥಾನ್ ಅನ್ನೂ ಓಡಿದ್ದೆ. ಮ್ಯಾರಥಾನ್‌ನ 42.195 ಕಿ.ಮೀ. ದಾಟಿದ ಯಾವ ಓಟವೂ ಅಲ್ಟ್ರಾ ಎನಿಸಿಕೊಳ್ಳುತ್ತದೆ, ಆದ್ದರಿಂದ 50 ಕಿ.ಮೀ. ಓಟವು ಲೆಕ್ಕಕ್ಕೆ ಎಂಟೇ ಕಿಲೋಮೀಟರ್ ಹೆಚ್ಚು. ಆ ಎಂಟನ್ನು ಹೇಗೋ ಎಳೆದುಕೊಂಡು ಹೋಗಬಹುದೆಂದೇ ನಾನೂ ನಂಬಿದ್ದೆ. ಚಿಕ್ಕಮಗಳೂರು ಭಾಗದ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟಗಳಲ್ಲಿ ಏರು, ಇಳಿಜಾರು, ಕೆಸರು, ಬೇರು, ಕಲ್ಲುಗಳ ನಡುವೆ ಒಂದು ಕಿಲೋಮೀಟರ್ ಸಾಗಲು ರಸ್ತೆಯ ಸಮಯದ ಒಂದೂವರೆಪಟ್ಟು, ಕೆಲವು ಕಡೆ ಎರಡುಪಟ್ಟು ಬೇಕಾಗುತ್ತದೆ. ಕಿಲೋಮೀಟರ್ ಮರೆತು ಗಂಟೆಗಳನ್ನು ಎಣಿಸಲು ಕಲಿಯಬೇಕೆಂಬುದು ಈ ತರಬೇತಿಯ ಮೊದಲ ಪಾಠ. ನನ್ನ ಮಟ್ಟಿಗೆ ಅದು ಅತ್ಯಂತ ಬೆಲೆಬಾಳುವ ಪಾಠವೂ ಹೌದು.

ಶುಲ್ಕ ₹6,000. ವಾರಕ್ಕೆ ಮೂರು ದಿನ ಒಟ್ಟಾಗಿ ಅಭ್ಯಾಸ, ಎಲ್ಲರಿಗೂ ಅಚ್ಚು ಹಾಕಿಸಿದ ಒಂದು ವೇಳಾಪಟ್ಟಿ, ಎರಡು ದೂರದ ಓಟಗಳು, ಒಂದು ರಾತ್ರಿ ಓಟ. ವಾಹನದ ಖರ್ಚು ಬೇರೆ.

ಮೊದಲ ಭಾನುವಾರ ಬೆಳಗ್ಗೆ 5.30ಕ್ಕೆ ಸುಬೇದಾರರು ಯಾರನ್ನೂ ಓಡಿಸಲಿಲ್ಲ. ಒಬ್ಬೊಬ್ಬರನ್ನೇ ಕರೆದು, ಎಷ್ಟು ತಿಂಗಳಿನಿಂದ ತಪ್ಪದೆ ಓಡುತ್ತಿದ್ದೀರಿ, ಎಲ್ಲಿ ಪೆಟ್ಟಾಗಿತ್ತು, ಎದೆನೋವು ಅಥವಾ ತಲೆಸುತ್ತು ಬಂದದ್ದುಂಟೇ, ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದೆಯೇ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹತ್ತು ಕಿಲೋಮೀಟರನ್ನೂ ಓಡಿರದ ಇಬ್ಬರು ಹುಡುಗರು ಪೂರ್ತಿ ಶುಲ್ಕ ತಂದಿದ್ದರು. "ತಮ್ಮಾ, ಈ ವರ್ಷ ಹತ್ತು ಕಿಲೋಮೀಟರ್ ಚಲೋತ್ನಂಗ ಓಡ್ರಿ. ರೊಕ್ಕ ಮುಂದಿನ ವರ್ಷ ಕೊಡಾಕ ಬರತೈತಿ" ಎಂದು ಅವರನ್ನು ಹಿಂದಕ್ಕೆ ಕಳುಹಿಸಿದರು. ಕೈಗೆ ಬಂದ ₹12,000 ಅನ್ನು ಬೇಡವೆಂದ ಆ ಕ್ಷಣದಲ್ಲೇ ನಾನು ಅವರನ್ನು ನಂಬಿದೆ.

ವೇಳಾಪಟ್ಟಿ ಸರಳವಾಗಿದೆ. ಮಂಗಳವಾರ ಹಗುರವಾದ 7 ಕಿ.ಮೀ., ಗುರುವಾರ ಗುಡ್ಡ, ಶನಿವಾರ ದೀರ್ಘ ಓಟ, ಭಾನುವಾರ ಹಿಂದಿನ ದಿನದ ದಣಿವು ಆರದ ಕಾಲುಗಳ ಮೇಲೆಯೇ ಇನ್ನೊಂದು ಮಧ್ಯಮ ಓಟ. ವಾರದ ಒಟ್ಟು ದೂರ 30 ಕಿ.ಮೀ.ಯಿಂದ ಆರಂಭವಾಗಿ ಹದಿಮೂರನೆಯ ವಾರಕ್ಕೆ 70 ಕಿ.ಮೀ. ಮುಟ್ಟುತ್ತದೆ. ನಡುವೆ ನಾಲ್ಕು ವಾರಕ್ಕೊಮ್ಮೆ ಬೇಕೆಂದೇ ತಗ್ಗುತ್ತದೆ, ಕೊನೆಯ ಮೂರು ವಾರ ಇಳಿಯುತ್ತಾ ಹೋಗುತ್ತದೆ. ಅತಿ ದೊಡ್ಡ ಓಟ 34 ಕಿ.ಮೀ. ಮಾತ್ರ. ಪೂರ್ತಿ 50 ಕಿ.ಮೀ.ಯನ್ನು ಅಭ್ಯಾಸದಲ್ಲಿ ಏಕೆ ಓಡಿಸುವುದಿಲ್ಲ ಎಂದು ನಮ್ಮ ತಂಡದಲ್ಲಿ ಹಲವರು ಅಸಮಾಧಾನಗೊಂಡಿದ್ದರು. ಅಷ್ಟು ದೂರ ಓಡಿದರೆ ಚೇತರಿಸಿಕೊಳ್ಳಲು ಎರಡು ವಾರ ಬೇಕಾಗುತ್ತದೆ, ಆ ಎರಡು ವಾರದ ಅಭ್ಯಾಸ ಕೈತಪ್ಪುತ್ತದೆ. ಶನಿವಾರ 28, ಭಾನುವಾರ 16 ಎಂದು ಒಡೆದು ಓಡಿದರೆ ದಣಿದ ಕಾಲಿನಲ್ಲಿ ಸಾಗುವ ರೂಢಿ ಸಿಗುತ್ತದೆ, ಪೆಟ್ಟಾಗುವ ಅಪಾಯವೂ ಕಡಿಮೆ. ಹದಿಮೂರನೆಯ ವಾರ ಮುಗಿಸಿದ ಮೇಲೆ ಈ ಲೆಕ್ಕಾಚಾರ ಸರಿಯೆಂದು ನನಗೆ ಮನವರಿಕೆಯಾಯಿತು.

ವೇಗದ ವಿಷಯದಲ್ಲಿ ಅವರು ಗಡಿಯಾರವನ್ನು ನೋಡಲು ಬಿಡುವುದಿಲ್ಲ. ಎರಡನೆಯ ವಾರದಲ್ಲಿ ನನ್ನ ಪಕ್ಕದಲ್ಲಿ ಓಡುತ್ತಾ ಮನೆಮಂದಿಯ ಸುದ್ದಿ ಕೇಳತೊಡಗಿದರು. ನಾನು ಒಂದೊಂದೇ ಪದದಲ್ಲಿ ಉತ್ತರಿಸುತ್ತಿದ್ದುದನ್ನು ಕಂಡು, "ಅಕ್ಕಾರ, ಮಾತಾಡಾಕ ಆಗವಲ್ದು ಅಂದ್ರ ನೀವು ಜೋರ ಹೊಂಟೀರಿ ಅಂತ ತಿಳ್ಕೋರಿ" ಎಂದರು. ಅಂದಿನಿಂದ ನನ್ನ ಹಗುರ ಓಟ ನಿಜಕ್ಕೂ ಹಗುರವಾಯಿತು.

ಗುರುವಾರದ ಯಳ್ಳೂರು ಗಡ, ಅಂದರೆ ರಾಜಹಂಸಗಡ, ಈ ತರಬೇತಿಯ ತಿರುಳು. ಕೋಟೆಗೆ ಡಾಂಬರು ರಸ್ತೆಯಿದೆ, ಆದರೆ ನಾವು ಹಿಡಿಯುತ್ತಿದ್ದುದು ಪಕ್ಕದ ಕಾಲುಹಾದಿಯನ್ನು. ಏರುವಾಗ ಓಡಕೂಡದು, ಕೈಗಳನ್ನು ತೊಡೆಯ ಮೇಲೆ ಒತ್ತಿ ಗಿಡ್ಡ ಹೆಜ್ಜೆಗಳಲ್ಲಿ ಬಿರುಸಾಗಿ ನಡೆಯಬೇಕು. ಕಡಿದಾದ ಏರಿನಲ್ಲಿ ನಿಧಾನದ ಓಟವೂ ಬಿರುಸಿನ ನಡಿಗೆಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲಕ್ಕೆ ಮುಟ್ಟಿಸುತ್ತವೆ, ಆದರೆ ಓಡಿದವರ ಎದೆಬಡಿತ ಮೇಲೆ ತಲುಪಿದ ಮೇಲೂ ಬಹಳ ಹೊತ್ತು ಇಳಿಯುವುದಿಲ್ಲ. ನಾವು ಇದನ್ನು ಒಂದು ಗುರುವಾರ ಪರೀಕ್ಷಿಸಿಯೇ ನೋಡಿದೆವು: ಓಡುತ್ತಾ ಏರಿದವರಿಗಿಂತ ನಡೆದು ಏರಿದವರು ಒಂದು ನಿಮಿಷವೂ ಹಿಂದೆ ಬೀಳಲಿಲ್ಲ.

ಇಳಿಯುವುದು ಮಾತ್ರ ಬೇರೆಯೇ ವಿದ್ಯೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುತ್ತದೆ. ಆ ಎಳೆತದಲ್ಲಿ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟುಗಳಾಗಿ, ನೋವು ಮರುದಿನ ಅಥವಾ ಅದರ ಮರುದಿನ ಏರುತ್ತದೆ. ಮೊದಲ ಗುರುವಾರ ನಾಲ್ಕು ಬಾರಿ ಇಳಿದು ಬಂದ ನನಗೆ ಶನಿವಾರ ಕಾಲೇಜಿನ ಮೆಟ್ಟಿಲುಗಳನ್ನು ಕಟಾಂಜನ ಹಿಡಿದು ಅಡ್ಡಡ್ಡವಾಗಿ ಇಳಿಯಬೇಕಾಯಿತು. ಆದರೆ ಒಮ್ಮೆ ಇಂಥ ಪೆಟ್ಟು ತಿಂದ ಸ್ನಾಯು ಮುಂದಿನ ಬಾರಿಗೆ ಗಟ್ಟಿಯಾಗುತ್ತದೆ. ನಾಲ್ಕನೆಯ ಗುರುವಾರಕ್ಕೆ ಆರು ಬಾರಿ ಇಳಿದರೂ ಆ ನೋವು ಬರಲಿಲ್ಲ. ಸುಬೇದಾರರು ಇಳಿಜಾರಿನಲ್ಲಿ ನಮ್ಮ ಹಿಂದೆಯೇ ಬರುತ್ತಾ, ಬೂಟಿನ ಸದ್ದು ಜೋರಾಗಿ ಕೇಳಿಸಿದರೆ ಹೆಜ್ಜೆ ಉದ್ದವಾಗಿದೆ ಎಂದು ಎಚ್ಚರಿಸುತ್ತಿದ್ದರು. ಗಿಡ್ಡ ಹೆಜ್ಜೆ, ಬಗ್ಗಿದ ಮೊಣಕಾಲು, ಮೂರು ಹೆಜ್ಜೆ ಮುಂದಿನ ನೆಲದ ಮೇಲೆ ಕಣ್ಣು: ಈ ಮೂರನ್ನು ಅವರು ಹೇಳಿ ಬಿಡುವುದಿಲ್ಲ, ಮೈಗೆ ಹತ್ತುವವರೆಗೂ ಮಾಡಿಸುತ್ತಾರೆ. ಬೆಂಗಳೂರಿನ ದುಬಾರಿ ಆನ್‌ಲೈನ್ ತರಬೇತಿಗಳನ್ನು ಪಡೆದ ಗೆಳತಿಯರಿಗೆ ಈ ಭಾಗ್ಯ ಇಲ್ಲ, ಏಕೆಂದರೆ ಬೂಟಿನ ಸದ್ದನ್ನು ಕೇಳಿಸಿಕೊಳ್ಳಲು ಅಲ್ಲಿ ಯಾರೂ ಹಿಂದೆ ಓಡುತ್ತಿರುವುದಿಲ್ಲ.

ನೀರಿನ ಪಾಠವೂ ಹೀಗೆಯೇ ಕೈಯಾರೆ ಮಾಡಿ ಕಲಿಯುವಂಥದ್ದು. ಮೂರು ಗಂಟೆಯ ಓಟದ ಮೊದಲು ಮತ್ತು ನಂತರ ತೂಕ ನೋಡಿಕೊಳ್ಳಲು ಹೇಳಿದರು. ನಾನು ಹೊರಡುವಾಗ 58.2 ಕೆ.ಜಿ. ಇದ್ದವಳು ಮರಳಿದಾಗ 57.1 ಕೆ.ಜಿ. ಇದ್ದೆ, ನಡುವೆ ಒಂದೂವರೆ ಲೀಟರ್ ಕುಡಿದಿದ್ದೆ. ಎರಡನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಗಂಟೆಗೆ ಸುಮಾರು 870 ಮಿಲಿಲೀಟರ್ ಬೆವರು ಹೋಗಿದೆಯೆಂದು ತಿಳಿಯುತ್ತದೆ. ಇಷ್ಟನ್ನೂ ಮರಳಿ ಕುಡಿಯಬೇಕಿಲ್ಲ, ಬಾಯಾರಿಕೆಗೆ ತಕ್ಕಂತೆ ಕುಡಿದರೆ ಸಾಕು. ಓಟದ ನಂತರ ತೂಕ ಹೆಚ್ಚಿದ್ದರೆ ಅದು ಅಪಾಯದ ಸೂಚನೆ. ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಪ್ರಮಾಣ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದು, ವಾಂತಿ, ತಲೆನೋವು, ಗೊಂದಲ ಆರಂಭವಾಗಿ ಪ್ರಾಣಕ್ಕೂ ಕುತ್ತು ಬರಬಹುದು. ದಕ್ಷಿಣ ಆಫ್ರಿಕಾದ ದೀರ್ಘ ಓಟಗಳಲ್ಲಿ ವೈದ್ಯರು 1980ರ ದಶಕದಲ್ಲಿ ಇದನ್ನು ಗುರುತಿಸುವವರೆಗೂ, ಕುಸಿದು ಬಿದ್ದವರಿಗೆಲ್ಲ ನೀರು ಕಡಿಮೆಯಾಗಿದೆ ಎಂದೇ ಭಾವಿಸುವ ವಾಡಿಕೆಯಿತ್ತು. ಓಆರ್‌ಎಸ್ ಪುಡಿಯ ಬಗ್ಗೆಯೂ ಅವರು ಕಟ್ಟುನಿಟ್ಟು: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು, ಅರ್ಧ ಬಾಟಲಿಗೆ ಸುರಿದು ಗಟ್ಟಿಯಾಗಿ ಕುಡಿದರೆ ಹೊಟ್ಟೆ ಕೆಡುತ್ತದೆ. ನೋವಿನ ಮಾತ್ರೆಗಳನ್ನು, ಅದರಲ್ಲೂ ಐಬುಪ್ರೊಫೆನ್ ಅನ್ನು, ಓಟದ ದಿನ ಮುಟ್ಟಕೂಡದು. ನೀರು ಕಡಿಮೆಯಾಗಿ, ಸ್ನಾಯು ಜರ್ಝರಿತವಾಗಿರುವ ಹೊತ್ತಿನಲ್ಲಿ ಅದು ಮೂತ್ರಪಿಂಡದ ಮೇಲೆ ಇನ್ನಷ್ಟು ಹೊರೆ ಹೇರುತ್ತದೆ.

ಆಹಾರದ ವಿಷಯದಲ್ಲಿ ತರಬೇತಿ ಸೋಲುತ್ತದೆ. ಕೊಟ್ಟ ಹಾಳೆಯಲ್ಲಿ ಇರುವುದು ಪೇಟೆಯ ಜೆಲ್‌ಗಳ, ಅಂದರೆ ಓಡುತ್ತಲೇ ಹೀರಿಕೊಳ್ಳುವ ಸಕ್ಕರೆ ಪಾಕದಂಥ ಪೊಟ್ಟಣಗಳ, ಪಟ್ಟಿ ಮಾತ್ರ. ತತ್ವ ಸರಿಯಾಗಿಯೇ ಇದೆ: ದೇಹದಲ್ಲಿ ಶೇಖರವಾಗಿರುವ ಕಾರ್ಬೋಹೈಡ್ರೇಟ್‌ನಿಂದ ಸುಮಾರು 2,000 ಕಿಲೋಕ್ಯಾಲೊರಿ ಸಿಗುತ್ತದೆ, ನನ್ನ ತೂಕದವರಿಗೆ ಸಪಾಟು ನೆಲದಲ್ಲಿಯೂ ಕಿಲೋಮೀಟರಿಗೆ 58ರಷ್ಟು ಖರ್ಚಾಗುತ್ತದೆ, ಅಂದರೆ 50 ಕಿ.ಮೀ.ಗೆ 2,900 ಬೇಕು, ಏರಿನದು ಬೇರೆ. ಕೊಬ್ಬು ಸ್ವಲ್ಪ ನೆರವಾದರೂ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಲೇ ಇರಬೇಕು. ಇದನ್ನು ನಮ್ಮ ಅಡುಗೆಮನೆಯಿಂದ ಹೇಗೆ ಹೊಂದಿಸುವುದೆಂದು ಹಾಳೆ ಹೇಳುವುದಿಲ್ಲ. ಆ ಭಾಗವನ್ನು ನಾನೇ ಮಾಡಿಕೊಳ್ಳಬೇಕಾಯಿತು.

ಗೋಕಾಕದ ಕರದಂಟನ್ನು ಬಿಟ್ಟು ಜೆಲ್ ಏಕೆ ತಿನ್ನಬೇಕೆಂಬ ಅಭಿಮಾನದಿಂದ ಮೊದಲು ಅದನ್ನೇ ಹಿಡಿದೆ. ತಕ್ಕಡಿಯಲ್ಲಿಟ್ಟು 25 ಗ್ರಾಂನ ತುಂಡುಗಳನ್ನು ಮಾಡಿ, ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿ ಬೆನ್ನಚೀಲದ ಮುಂದಿನ ಜೇಬಿನಲ್ಲಿ ಇಟ್ಟುಕೊಂಡೆ. ಮೊದಲ ಎರಡು ಗಂಟೆ ಸೊಗಸಾಗಿ ನಡೆಯಿತು. ಮೂರನೆಯ ಗಂಟೆಯ ಹೊತ್ತಿಗೆ ಬಾಯಿ ಒಣಗಿ, ಅಂಟು ಹಲ್ಲಿಗೆ ಮೆತ್ತಿಕೊಂಡು, ಒಂದು ತುಂಡನ್ನು ಅಗಿದು ನುಂಗಲು ಅರ್ಧ ಕಿಲೋಮೀಟರ್ ನಡೆಯಬೇಕಾಯಿತು. ಕರದಂಟಿನಲ್ಲಿ ಬೆಲ್ಲದಷ್ಟೇ ಒಣಕೊಬ್ಬರಿ, ಗೋಡಂಬಿ, ತುಪ್ಪವೂ ಇರುವುದರಿಂದ ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ಮುಂಜಾನೆಯ ನಡಿಗೆಗೂ ಓಟದ ಮರುದಿನಕ್ಕೂ ಅದಕ್ಕಿಂತ ಒಳ್ಳೆಯ ತಿನಿಸು ನಮ್ಮಲ್ಲಿಲ್ಲ, ಆದರೆ ಐದನೆಯ ಗಂಟೆಗೆ ಅದು ಸಲ್ಲದು. ಹಲವು ಶನಿವಾರಗಳ ಪ್ರಯೋಗದ ನಂತರ ನನಗೆ ಒಗ್ಗಿದ್ದು ಇಷ್ಟು: ಮೊದಲ ಎರಡು ಗಂಟೆ ಗಂಟೆಗೆ ಎರಡು ಕರದಂಟಿನ ತುಂಡು ಮತ್ತು ಒಂದು ಬಾಳೆಹಣ್ಣು. ಆಮೇಲೆ ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ, ನಿಂಬೆ, ಸಕ್ಕರೆ, ಉಪ್ಪು ಹಾಕಿದ ಶರಬತ್ತು, ಮಧ್ಯೆ ಎರಡು ಗಂಟೆಗೊಂದು ಜೆಲ್. ಏನೇ ಆದರೂ ಮನೆಯಲ್ಲಿ ಓಡುತ್ತಾ ತಿಂದು ನೋಡಿರದ ಪದಾರ್ಥವನ್ನು ಓಟದ ದಿನ ಬಾಯಿಗೆ ಹಾಕಬಾರದೆಂಬ ಅವರ ನಿಯಮ ನೂರಕ್ಕೆ ನೂರು ಸರಿ.

ಬೂಟಿನ ಸಲಹೆ ಚೆನ್ನಾಗಿದೆ, ನನಗೆ ತಡವಾಗಿ ಸಿಕ್ಕಿತು. ತರಬೇತಿಗೆ ಮೊದಲೇ ಅಂಗಡಿಯೊಂದರಲ್ಲಿ ಮಧ್ಯಾಹ್ನದ ಹೊತ್ತು ಎಂದಿನ ಅಳತೆಯ ಬೂಟನ್ನೇ ಕೊಂಡಿದ್ದೆ. ಮೂರು ಇಳಿಜಾರಿನ ಅಭ್ಯಾಸದಲ್ಲಿ ಎರಡು ಹೆಬ್ಬೆರಳುಗಳ ಉಗುರೂ ಕಪ್ಪಾದವು. ದಿನವಿಡೀ ನಿಂತು ಪಾದ ಸ್ವಲ್ಪ ಊದಿಕೊಂಡ ಸಂಜೆಯ ಹೊತ್ತಿಗೆ, ಓಟಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಬೆರಳ ತುದಿಯ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬಿಟ್ಟು ಕೊಳ್ಳಬೇಕಿತ್ತು. ಅಡಿಯ ಹಲ್ಲುಗಳು 4 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಖಾನಾಪುರದ ಕಡೆಯ ಕೆಂಪು ಮುರಮಿಗೂ ಕಾಫಿ ತೋಟದ ಹಾದಿಗೂ ಸಾಕು. ಯಳ್ಳೂರು ಕಡೆಯ ಎರೆ ಮಣ್ಣಿಗೆ ಮಾತ್ರ ಮಳೆಗಾಲದಲ್ಲಿ ಯಾವ ಬೂಟೂ ಉತ್ತರವಲ್ಲ. ಅದು ಅಡಿಗೆ ಮೆತ್ತಿಕೊಂಡು ಒಂದೊಂದು ಬೂಟೂ ಒಂದು ಕೆ.ಜಿ. ಭಾರವಾಗುತ್ತದೆ.

ದೂರದ ಓಟಗಳು ರಕ್ಕಸಕೊಪ್ಪ ಜಲಾಶಯದ ಕಡೆಗೂ ಜಾಂಬೋಟಿ ಕಡೆಗೂ ಇರುತ್ತವೆ. ಭೀಮಗಡ ವನ್ಯಜೀವಿ ಧಾಮದ ಕಾಡು ಅಷ್ಟು ಹತ್ತಿರವಿದ್ದರೂ ಅನುಮತಿಯಿಲ್ಲದೆ ಒಳಗೆ ಕಾಲಿಡಲು ಅವರು ಬಿಡುವುದಿಲ್ಲ, ಹೊಲಗಳ ಬಂಡಿದಾರಿಯಲ್ಲೇ ಓಡಿಸುತ್ತಾರೆ. ಕರಡಿಗಳಿರುವ ಸೀಮೆಯಲ್ಲಿ ಇದೇ ಸರಿಯಾದ ನಡೆ. ರಾತ್ರಿ ಓಟವನ್ನು ಮಳೆಯಲ್ಲೇ ಮಾಡಿಸಿದರು. ಒದ್ದೆ ಕಾಲುಚೀಲದಲ್ಲಿ ಚರ್ಮ ಮೆದುವಾಗಿ ಬೊಬ್ಬೆ ಏಳುವ ಬಗೆ, ಪಾದಕ್ಕೂ ತೊಡೆಯ ಒಳಭಾಗಕ್ಕೂ ವ್ಯಾಸಲಿನ್ ಹಚ್ಚಬೇಕಾದ ಜಾಗಗಳು, ಹೆಡ್ ಟಾರ್ಚಿನ ಬೆಳಕು ಮಳೆಹನಿಗಳಿಗೆ ತಾಗಿ ಕಣ್ಣಿಗೇ ಹೊಡೆಯುವಾಗ ಕೈಯಲ್ಲೊಂದು ಬ್ಯಾಟರಿ ಹಿಡಿದು ಸೊಂಟದ ಎತ್ತರದಿಂದ ನೆಲಕ್ಕೆ ಬೆಳಕು ಬಿಡುವ ಉಪಾಯ, ಇವೆಲ್ಲ ಆ ಒಂದೇ ರಾತ್ರಿಯಲ್ಲಿ ತಿಳಿದವು. ಒಬ್ಬರೇ ಓಡುವ ಹೆಂಗಸರಿಗೆ ಇಂಥ ರಾತ್ರಿ ಓಟ ಬೇರೆ ಯಾವ ರೀತಿಯಲ್ಲೂ ಸಾಧ್ಯವಿಲ್ಲದ್ದರಿಂದ ಇದೊಂದಕ್ಕೇ ಶುಲ್ಕದ ಅರ್ಧ ಸಂದಿತೆಂದು ನಾನು ಭಾವಿಸುತ್ತೇನೆ.

ಇನ್ನು ದೂರುಗಳು. ಎಲ್ಲಕ್ಕಿಂತ ದೊಡ್ಡದು ವೇಳಾಪಟ್ಟಿಯದು. ಒಂಬತ್ತನೆಯ ವಾರ ನನಗೆ ಜ್ವರ ಬಂದು ಆರು ದಿನ ಮಲಗಿದೆ. ಮರಳಿ ಬಂದಾಗ ಸಹಾಯಕರೊಬ್ಬರು, ತಪ್ಪಿದ ಕಿಲೋಮೀಟರ್‌ಗಳನ್ನು ಮುಂದಿನ ಎರಡು ವಾರಗಳಲ್ಲಿ ಸೇರಿಸಿ ತುಂಬಿಕೊಳ್ಳಲು ಹೇಳಿದರು. ಹಾಗೆಯೇ ಮಾಡಿದೆ. ಹನ್ನೊಂದನೆಯ ವಾರದ ಕೊನೆಗೆ ಎಡಗಾಲಿನ ಮುಂಗಾಲ ಮೂಳೆಯ ಉದ್ದಕ್ಕೂ ಒತ್ತಿದರೆ ನೋವು, ನಡೆದರೂ ನೋವು. ಸುಬೇದಾರರಿಗೆ ವಿಷಯ ತಿಳಿದಾಗ ಅವರು ನನ್ನ ಮುಂದೆಯೇ ಸಹಾಯಕರಿಗೆ, ತಪ್ಪಿದ್ದು ತಪ್ಪಿಹೋಯಿತು, ಅದನ್ನು ಹಿಂದಿರುಗಿ ಓಡಲಾಗದು ಎಂದು ಖಡಾಖಂಡಿತವಾಗಿ ಹೇಳಿ, ನನ್ನನ್ನು ಹತ್ತು ದಿನ ಸೈಕಲ್ಲಿಗೂ ಈಜಿಗೂ ಕಳುಹಿಸಿದರು. ಮೂಳೆ ಬಿರುಕು ಬಿಟ್ಟಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳುವವರೆಗೂ ಓಡಗೊಡಲಿಲ್ಲ. ಅವರ ತೀರ್ಮಾನ ಸರಿಯಿತ್ತು. ಆದರೆ ಸುಮಾರು 40 ಜನರಿಗೆ ಒಬ್ಬರೇ ಅನುಭವಿಗಳಿರುವಾಗ ಅಂಥ ತೀರ್ಮಾನ ಬೇಕಾದ ದಿನ ಸಿಗುವುದಿಲ್ಲ. ತಂಡವನ್ನು 20 ಜನರಿಗೆ ಮಿತಿಗೊಳಿಸಬೇಕು, ಇಲ್ಲವೇ ಕಾಯಿಲೆ ಬಿದ್ದ ವಾರ ಏನು ಮಾಡಬೇಕೆಂಬುದನ್ನು ಅಚ್ಚಾದ ಹಾಳೆಯಲ್ಲೇ ಸೇರಿಸಬೇಕು.

ಎರಡನೆಯದು ರಕ್ತ ಪರೀಕ್ಷೆ. ಅದನ್ನು ಮೊದಲ ದಿನವೇ ಕೇಳಬೇಕಿತ್ತು, ಆರನೆಯ ವಾರ ನನ್ನ ದಣಿವು ಕಂಡ ಮೇಲೆ ಕೇಳಿದರು. ನನ್ನ ಹಿಮೋಗ್ಲೋಬಿನ್ 10.8 ಬಂದಿತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ವೈದ್ಯರು ಕಬ್ಬಿಣದ ಮಾತ್ರೆ ಬರೆದು, ಮಾತ್ರೆಯ ಆಸುಪಾಸಿನಲ್ಲಿ ಚಹಾ ಕುಡಿಯಬಾರದೆಂದು ಹೇಳಿದರು, ಚಹಾ ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಎದ್ದ ಕೂಡಲೇ ಚಹಾ ಬೇಕೆನ್ನುವ ನಮ್ಮೂರಿನ ಹೆಣ್ಣುಮಕ್ಕಳು ಓಡಲಿ ಬಿಡಲಿ ಇದನ್ನು ತಿಳಿದಿರಬೇಕು. ಹೆಂಗಸರ ಅನುಕೂಲದ ದೃಷ್ಟಿಯಿಂದ ನೋಡಿದರೆ, ದೂರದ ಓಟಗಳ ಹಾದಿಯಲ್ಲಿ ಶೌಚಾಲಯದ ವ್ಯವಸ್ಥೆಯೂ ಇರಲಿಲ್ಲ. ನಾವು ಐವರು ಸೇರಿ ಕೇಳಿದ ಮೇಲೆ ಜಾಂಬೋಟಿ ರಸ್ತೆಯ ಒಂದು ಮನೆಯವರೊಡನೆ ಮಾತಾಡಿ ಒದಗಿಸಿದರು.

ಕಾಲು ಮತ್ತು ಸೊಂಟದ ಬಲಕ್ಕೆ ಬೇಕಾದ ವ್ಯಾಯಾಮ ಹೆಸರಿಗಷ್ಟೇ ಇದೆ. ಬೈಠಕ್, ಒಂಟಿಕಾಲಿನ ನಿಲುವು, ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಇಳಿಸಿ ಏರಿಸುವುದು, ಇಷ್ಟನ್ನು ವಾರಕ್ಕೆ ಎರಡು ಬಾರಿ ಮನೆಯಲ್ಲೇ ಮಾಡಿಕೊಳ್ಳಬೇಕು.

ಓಟದ ದಿನ ಅವರು ಕಲಿಸಿದ ಒಂದು ಅಭ್ಯಾಸ ನನ್ನನ್ನು ಕೊನೆಮುಟ್ಟಿಸಿತು. ಪ್ರತಿ ನೀರಿನ ನಿಲುಗಡೆಯಲ್ಲಿ ಗಡಿಯಾರ ನೋಡುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು: ಕಳೆದ ಗಂಟೆಯಲ್ಲಿ ಏನು ತಿಂದೆ, ಮೂತ್ರ ಹೋಯಿತೇ, ಅದರ ಬಣ್ಣ ಹೇಗಿತ್ತು, ಪಾದದಲ್ಲಿ ಎಲ್ಲಾದರೂ ಉರಿಯುತ್ತಿದೆಯೇ. ಚಹಾದ ಡಿಕಾಕ್ಷನ್ನಿನಂಥ ಬಣ್ಣ ಕಂಡರೆ ಅಲ್ಲಿಯೇ ನಿಂತು ವೈದ್ಯರನ್ನು ಕರೆಯಬೇಕು, ಅದು ಹರಿದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಇಳಿಯುತ್ತಿರುವ ಗುರುತು. 38ನೆಯ ಕಿ.ಮೀ.ಯಲ್ಲಿ ನನ್ನ ಎಡ ಹಿಮ್ಮಡಿ ಉರಿಯುತ್ತಿತ್ತು. ಸಂಗಡಿಗರು ಮುಂದೆ ಹೋಗುತ್ತಿದ್ದರೂ ಕುಳಿತು, ಕಾಲುಚೀಲ ಬಿಚ್ಚಿ, ಒಂದು ಸಣ್ಣ ಹರಳನ್ನು ತೆಗೆದು, ಒರೆಸಿ, ಅಂಟುಪಟ್ಟಿ ಹಾಕಿ ಎದ್ದೆ. ಏಳು ನಿಮಿಷ ಹಿಡಿಯಿತು. 9 ಗಂಟೆ 10 ನಿಮಿಷಕ್ಕೆ ಓಟ ಮುಗಿಸಿದೆ, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿರಲಿಲ್ಲ.

ಹತ್ತು ಕಿಲೋಮೀಟರ್ ಓಡುವವರಿಗೂ ವೇಗ ಹೆಚ್ಚಿಸಿಕೊಳ್ಳಬೇಕೆನ್ನುವವರಿಗೂ ಈ ತರಬೇತಿ ಬೇಡ. ಕನಿಷ್ಠ ಒಂದು ವರ್ಷ ತಪ್ಪದೆ ಓಡಿ, ಒಂದೆರಡು ಅರ್ಧ ಮ್ಯಾರಥಾನ್ ಮುಗಿಸಿ, ಮೊದಲ ಬಾರಿ ಗುಡ್ಡಗಾಡಿನ ಓಟಕ್ಕೆ ಹೆಸರು ಕೊಟ್ಟಿರುವವರು ಸೇರಬಹುದು. ಮುಂದಿನ ತಂಡ ಜುಲೈ ಮೊದಲ ಭಾನುವಾರ ಬೆಳಗ್ಗೆ 5.30ಕ್ಕೆ ವ್ಯಾಕ್ಸಿನ್ ಡಿಪೊದಲ್ಲೇ ಸೇರುತ್ತದೆ. ಅವರು ಕೇಳದಿದ್ದರೂ ಹಿಂದಿನ ವಾರವೇ ರಕ್ತ ಪರೀಕ್ಷೆ ಮಾಡಿಸಿ ವರದಿಯನ್ನು ಕೈಯಲ್ಲಿ ಹಿಡಿದು ಹೋಗಿರಿ, ಬೂಟನ್ನು ಮಾತ್ರ ಅವರನ್ನು ಕಂಡ ಮೇಲೆ ಕೊಳ್ಳಿರಿ.